ಓದಿನ ಜೊತೆಗೆ ದುಡಿಮೆ: ತಾಯಂದಿರು ವಿಚಾರಿಸಬೇಕಾದ ಸಂಗತಿಗಳು

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಜೂನ್ ತಿಂಗಳು ಬಂತೆಂದರೆ ನಮ್ಮ ಸಂಘಗಳ ಸಾಲದ ಅರ್ಜಿಗಳೆಲ್ಲ ಒಂದೇ ತರಹ ಆಗಿಬಿಡುತ್ತವೆ. ಉಳಿದ ತಿಂಗಳುಗಳಲ್ಲಿ ದನಕ್ಕೆ, ಹೊಲಿಗೆ ಮೆಷಿನಿಗೆ, ಮಾಡಿನ ಹಂಚಿಗೆ, ಆಸ್ಪತ್ರೆಗೆ ಎಂದು ಬರೆಸುವ ನೀವು ಈಗ ಬರೆಸುವುದು "ಮಗಳ ಕಾಲೇಜು ಫೀಸು", "ಮಗನ ಕಾಲೇಜು ಫೀಸು" ಎಂದು. ಇದು ಸಂತೋಷದ ವಿಷಯವೇ. ಇಪ್ಪತ್ತೈದು ವರ್ಷದ ಹಿಂದೆ ನಾವು ಈ ಕೆಲಸಕ್ಕೆ ಬಂದಾಗ ಮಗಳ ಕಾಲೇಜಿಗೆ ಎಂದು ಸಾಲ ಕೇಳಿದವರು ಬಹಳ ಕಡಿಮೆ. ಮಗಳಿಗೆ ಎಂದರೆ ಮದುವೆಗೆ ಎಂದೇ ಅರ್ಥ ಇತ್ತು.

ಆದರೆ ಸಾಲದ ಅರ್ಜಿಯಲ್ಲಿ ಬರೆಯದ ಇನ್ನೊಂದು ವಿಷಯ ಉಂಟು. ನೀವು ತಿಂಗಳು ತಿಂಗಳು ಕಂತು ಕಟ್ಟುವಾಗ, ಆ ಕಂತಿನ ಹಣ ಎಷ್ಟೋ ಮನೆಗಳಲ್ಲಿ ಆ ಓದುವ ಮಗುವೇ ದುಡಿದು ತಂದದ್ದು. ಸಂಜೆ ಬಟ್ಟೆ ಅಂಗಡಿಯಲ್ಲಿ ನಿಂತು, ರಾತ್ರಿ ಮದುವೆ ಹಾಲಿನಲ್ಲಿ ಬಡಿಸಿ, ಭಾನುವಾರ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡಿ ತಂದದ್ದು. ಈ ಹೊತ್ತು ನಾವು ಮಾತಾಡಬೇಕೆಂದಿರುವುದು ಆ ದುಡಿಮೆಯ ಬಗ್ಗೆ. ಅದು ತಪ್ಪು ಎಂದು ಹೇಳಲಿಕ್ಕೆ ನಾವು ಬಂದದ್ದಲ್ಲ. ಹಾಗೆ ಹೇಳುವ ಯೋಗ್ಯತೆ ನಮಗಿಲ್ಲ, ಯಾಕಂದರೆ ನಮ್ಮ ಮನೆಯಲ್ಲಿ ನಾವು ಅಕ್ಕತಂಗಿಯರು ಹೈಸ್ಕೂಲಿನ ಫೀಸು ಕಟ್ಟಿದ್ದು ಬೀಡಿ ಕಟ್ಟಿಯೇ. ಸಂಜೆ ಶಾಲೆಯಿಂದ ಬಂದು ಗೆರಸೆ ಹಿಡಿದು ಕೂತರೆ ಪಕ್ಕದಲ್ಲಿ ಚರಿತ್ರೆಯ ಪುಸ್ತಕ ತೆರೆದಿರುತ್ತಿತ್ತು. ಹೊಗೆಸೊಪ್ಪಿನ ಪುಡಿ ಆ ಪುಸ್ತಕದ ಪುಟಗಳ ನಡುವೆ ಎಷ್ಟು ಸೇರಿತ್ತೆಂದರೆ, ಅದನ್ನು ಬಿಚ್ಚಿದಾಗೆಲ್ಲ ಟೀಚರು ಸೀನುತ್ತಿದ್ದರು!

ನಮ್ಮ ಕರಾವಳಿಗೆ ದುಡಿದು ಓದುವುದು ಹೊಸತಲ್ಲ. ನಿಮ್ಮ ಅಜ್ಜಂದಿರನ್ನು ಕೇಳಿ. ಈ ಕಡೆಯ ಹುಡುಗರು ಹತ್ತು ಹನ್ನೆರಡು ವರ್ಷಕ್ಕೇ ಮುಂಬಯಿಯ ಹೋಟೆಲುಗಳಿಗೆ ಹೋಗಿ ಹಗಲು ಟೇಬಲ್ ಒರೆಸಿ, ರಾತ್ರಿ ಶಾಲೆಗೆ ಹೋದರು. ಅವರಿಗೋಸ್ಕರ ಅಲ್ಲಿನ ನಮ್ಮವರ ಸಂಘಗಳೇ ರಾತ್ರಿ ಶಾಲೆ ತೆರೆದವು. ಮೊಗವೀರರದ್ದು ಒಂದು, ಬಿಲ್ಲವರ ಅಸೋಸಿಯೇಶನಿನ ಗುರುನಾರಾಯಣ ರಾತ್ರಿ ಶಾಲೆ ಒಂದು, ಹೀಗೆ. ಅಲ್ಲಿ ಓದಿದವರು ಬ್ಯಾಂಕಿನ ಕೆಲಸಕ್ಕೆ ಹೋದರು, ವಕೀಲರಾದರು, ಸ್ವಂತ ಹೋಟೆಲು ಹಾಕಿದರು. ಇದಕ್ಕಿಂತ ಹಿಂದೆ ವಾರಾನ್ನ ಇತ್ತು. ವಾರಕ್ಕೆ ಏಳು ಮನೆ, ದಿನಕ್ಕೊಂದು ಮನೆಯ ಊಟ. ಅದು ದುಡಿಮೆ ಅಲ್ಲ, ದಾನ. ಆದರೆ ವಾರಾನ್ನ ಉಂಡವರು ಬರೆದಿಟ್ಟದ್ದನ್ನು ಓದಿದರೆ ಗೊತ್ತಾಗುತ್ತದೆ, ಹಸಿವಿಗಿಂತ ಹೆಚ್ಚು ನೋವು ಕೊಟ್ಟದ್ದು ಇನ್ನೊಬ್ಬರ ಜಗಲಿಯಲ್ಲಿ ಕಾಯುವುದು.

ಇದನ್ನು ಬದಲಾಯಿಸಬೇಕೆಂದು ಹೊರಟ ಒಬ್ಬರ ವಿಷಯ ನಿಮಗೆ ಹೇಳಲೇಬೇಕು. ನಮ್ಮ ಬೆಳಗಾವಿಯಿಂದ ಆಚೆ, ಮಹಾರಾಷ್ಟ್ರದ ಸಾತಾರಾದಲ್ಲಿ ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಶುರು ಮಾಡಿದರು. ಬಡ ರೈತರ ಮಕ್ಕಳು, ಎಲ್ಲ ಜಾತಿಯವರು, ಒಂದೇ ವಸತಿಯಲ್ಲಿ ಇದ್ದು, ಹೊಲದಲ್ಲಿ ದುಡಿದು, ಅಡುಗೆ ತಾವೇ ಮಾಡಿಕೊಂಡು ಓದುವುದು. "ದುಡಿ ಮತ್ತು ಕಲಿ" ಎಂಬುದು ಅವರ ಪದ್ಧತಿ. 1947ರಲ್ಲಿ ಸಾತಾರಾದಲ್ಲಿ ಶಿವಾಜಿ ಕಾಲೇಜು ಆದದ್ದೂ ಇದೇ ಪದ್ಧತಿಯ ಮೇಲೆ. ಅವರಿಗೆ ಪದ್ಮಭೂಷಣ ಬಂತು, ಪುಸ್ತಕಗಳಲ್ಲಿ ಹೆಸರು ಬಂತು. ಆದರೆ ಒಮ್ಮೆ ವಸತಿಯಲ್ಲಿ ಮಕ್ಕಳಿಗೆ ಬೇಯಿಸಲು ಧಾನ್ಯ ಇಲ್ಲದಾಗ ಅವರ ಹೆಂಡತಿ ಲಕ್ಷ್ಮೀಬಾಯಿ ತನ್ನ ಒಡವೆಗಳನ್ನು ಕೊಟ್ಟರು, ಕಡೆಗೆ ಮಂಗಳಸೂತ್ರವನ್ನೂ ಕೊಟ್ಟರು. ಇದನ್ನು ನಾವು ಹೇಳುವುದು ನೀವೂ ಕರಿಮಣಿ ಅಡವಿಡಿ ಎಂದು ಅಲ್ಲ, ಅದನ್ನು ನೀವು ಹೇಗೂ ಮಾಡ್ತಾ ಇದ್ದೀರಿ. ನಾವು ಹೇಳುವುದು ಏನೆಂದರೆ ಅಲ್ಲಿ ಕೆಲಸವನ್ನು ಶಾಲೆಯೇ ಕೊಟ್ಟಿತು. ಕೆಲಸದ ಹೊತ್ತು ಮುಗಿದರೆ ಪಾಠದ ಹೊತ್ತು. ಕೆಲಸ ಮಾಡಿಸುವವರಿಗೇ ಮಗುವಿನ ಪರೀಕ್ಷೆ ಯಾವಾಗ ಎಂದು ಗೊತ್ತಿತ್ತು.

ಈಗ ನಮ್ಮ ಮಕ್ಕಳಿಗೆ ಕೆಲಸ ಕೊಡುವವರಿಗೆ ಅದು ಗೊತ್ತಿಲ್ಲ. ಗೊತ್ತಿದ್ದರೂ ಅವರಿಗೆ ಬೇಕಾಗಿಲ್ಲ.

ಒಂದು ಹುಡುಗಿಯ ಕಥೆ ಹೇಳುತ್ತೇವೆ. ಹೆಸರು ಬೇಡ, ಊರೂ ಬೇಡ. ತಾಯಿ ನಮ್ಮ ಒಂದು ಸಂಘದ ಖಜಾಂಚಿ. ಬೀಡಿ ಕಟ್ಟುತ್ತಾರೆ. ಮಗಳು ಬಿ.ಕಾಂ. ಎರಡನೇ ವರ್ಷ. ತಾಯಿ ಸಂಘದಿಂದ 20,000 ರೂಪಾಯಿ ಸಾಲ ತೆಗೆದು ಫೀಸು ಕಟ್ಟಿದ್ದರು. ಖಜಾಂಚಿಯೇ ಕಂತು ತಪ್ಪಿಸಿದರೆ ಉಳಿದವರು ಏನಂದಾರು ಎಂಬ ಚಿಂತೆ ಮನೆಯಲ್ಲಿ ಇತ್ತು. ಮಗಳು ಅದನ್ನು ಕೇಳಿಸಿಕೊಂಡಳು. ಯಾರಿಗೂ ಹೇಳದೆ ಒಂದು ಜವುಳಿ ಅಂಗಡಿಗೆ ಸೇರಿದಳು. ಸಂಜೆ 4ರಿಂದ 8, ತಿಂಗಳಿಗೆ 4,500 ರೂಪಾಯಿ. ಮನೆಯಲ್ಲಿ "ಕಾಲೇಜಿನಲ್ಲಿ ಕಂಪ್ಯೂಟರ್ ಕ್ಲಾಸು" ಎಂದಳು. ಮೊದಲೆರಡು ತಿಂಗಳು ಸರಿಯಾಗಿಯೇ ನಡೆಯಿತು. ಆಮೇಲೆ ಹಬ್ಬದ ಸೀಸನ್ ಬಂತು. "ಮಧ್ಯಾಹ್ನ 2 ಗಂಟೆಗೇ ಬಾ, ಇಲ್ಲಾಂದ್ರೆ ಬೇರೆಯವರನ್ನು ನೋಡ್ತೇವೆ" ಎಂದರು. ಮಧ್ಯಾಹ್ನದ ಮೇಲಿನ ಪಾಠಗಳು ಹೋದವು. ಸೀಸನ್ ಮುಗಿದ ಮೇಲೂ 2 ಗಂಟೆ 4 ಗಂಟೆಗೆ ಹಿಂದೆ ಹೋಗಲೇ ಇಲ್ಲ.

ಸೆಮಿಸ್ಟರಿನ ಕೊನೆಗೆ ಹಾಜರಾತಿ ಶೇಕಡಾ 61. ಪರೀಕ್ಷೆಗೆ ಕೂರಲು ಬೇಕಾದದ್ದು 75. ಹಾಲ್ ಟಿಕೆಟ್ ಕೊಡಲಿಲ್ಲ. ಆಗ ತಾಯಿಗೆ ಗೊತ್ತಾಯಿತು, ಆಗ ನಮಗೂ ಗೊತ್ತಾಯಿತು. ನಾವು ತಾಯಿ ಮಗಳ ಜೊತೆ ಪ್ರಿನ್ಸಿಪಾಲರ ಹತ್ತಿರ ಹೋದೆವು. ಅವರು ಒಳ್ಳೆಯವರೇ. "ಜ್ವರ ಬಂದು ಮಲಗಿದ್ದರೆ ಡಾಕ್ಟರ ಸರ್ಟಿಫಿಕೇಟ್ ನೋಡಿ ಏನಾದರೂ ಮಾಡಬಹುದಿತ್ತು ಸಿಸ್ಟರ್, ಕೆಲಸಕ್ಕೆ ಹೋದದ್ದಕ್ಕೆ ನಿಯಮದಲ್ಲಿ ಜಾಗ ಇಲ್ಲ" ಎಂದರು. ಸೆಮಿಸ್ಟರ್ ಹೋಯಿತು. ಕಾಯಿಲೆಗೆ ರಿಯಾಯಿತಿ ಉಂಟು, ಬಡತನಕ್ಕೆ ಇಲ್ಲ ಎಂದು ಆ ದಿನ ಬಸ್ಸಿನಲ್ಲಿ ಬರುವಾಗ ನಮಗೆ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ನಮ್ಮನ್ನು ಹೆಚ್ಚು ಚುಚ್ಚಿದ್ದು ಅದರ ನಂತರದ ಸಂಗತಿ. ಅವರ ಮನೆಗೆ ಹೋಗಿ ಕೂತು ಕಾಗದಪತ್ರ ತೆಗೆಸಿದೆವು. ಟ್ರಂಕಿನ ಅಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ತಾಯಿಯ ಬೀಡಿ ಕಾರ್ಡು ಸಿಕ್ಕಿತು. ಕೇಂದ್ರ ಕಾರ್ಮಿಕ ಇಲಾಖೆಯಿಂದ ಬೀಡಿ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ಉಂಟು. ಪಿ.ಯು.ಸಿ.ಗೆ ವರ್ಷಕ್ಕೆ 3,000, ಪದವಿಗೆ 6,000, ಇಂಜಿನಿಯರಿಂಗ್, ಮೆಡಿಕಲ್ ಥರದ ವೃತ್ತಿಪರ ಕೋರ್ಸಿಗೆ 25,000 ರೂಪಾಯಿ ಎಂದು ಇಲಾಖೆ ಗೊತ್ತುಮಾಡಿದೆ. ಎರಡು ವರ್ಷದಿಂದ ಆ ಮನೆಯವರು ಅರ್ಜಿಯನ್ನೇ ಹಾಕಿರಲಿಲ್ಲ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದರು, ಅದು ಮಂಜೂರಾಗಿಯೂ ಇತ್ತು, ಆದರೆ ಹುಡುಗಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಹಣ ಹೊರಟಿತ್ತು, ಬಂದು ತಲುಪಿರಲಿಲ್ಲ. ಆ ಮಗು ಏಳು ತಿಂಗಳು ನಿಂತ ಕಾಲಲ್ಲಿ ಸೀರೆ ಮಡಚಿದ್ದರಲ್ಲಿ ಒಂದು ಪಾಲು ಈ ಎರಡು ಕಾಗದಗಳಿಗಾಗಿ.

ಅದಕ್ಕೇ ಮಕ್ಕಳು ಕೆಲಸಕ್ಕೆ ಹೋಗುವ ಮೊದಲು ನಾವು ಕೇಳಬೇಕಾದ ಮೊದಲ ಪ್ರಶ್ನೆ: ಬರಬೇಕಾದ ಹಣ ಬಂದಿದೆಯಾ? ರಾಜ್ಯದ ವಿದ್ಯಾರ್ಥಿವೇತನಗಳೆಲ್ಲ ಎಸ್.ಎಸ್.ಪಿ. ಪೋರ್ಟಲಿನಲ್ಲಿ, ಕೇಂದ್ರದ್ದು ಎನ್.ಎಸ್.ಪಿ. ಪೋರ್ಟಲಿನಲ್ಲಿ. ಬೀಡಿಯದ್ದು ಎನ್.ಎಸ್.ಪಿ.ಯಲ್ಲಿ. ಗಂಡ ಗಾರೆ ಕೆಲಸದವರಾದರೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇದ್ದರೆ, ಅಲ್ಲಿಯ ಶೈಕ್ಷಣಿಕ ಸಹಾಯವನ್ನೂ ವಿಚಾರಿಸಿ. ಎಲ್ಲ ಒಟ್ಟಿಗೆ ಸಿಗುವುದಿಲ್ಲ, ಒಂದು ಸಿಕ್ಕಿದರೆ ಇನ್ನೊಂದು ಬಿಡಬೇಕಾದೀತು, ಹಾಗಾಗಿ ಯಾವುದು ದೊಡ್ಡದು ಎಂದು ನೋಡಿಕೊಂಡು ಹಾಕುವುದು. ಬ್ಯಾಂಕಿನ ಶಿಕ್ಷಣ ಸಾಲಕ್ಕೆ 4 ಲಕ್ಷ ರೂಪಾಯಿವರೆಗೆ ಅಡಮಾನ ಕೇಳುವ ಹಾಗಿಲ್ಲ. ಮ್ಯಾನೇಜರು ಜಾಗದ ಪತ್ರ ತನ್ನಿ ಎಂದರೆ ಜಗಳ ಬೇಡ, "ಬರೆದು ಕೊಡಿ" ಎಂದು ಕೇಳಿ. ಬರೆದು ಕೊಡಿ ಎಂದ ಕೂಡಲೇ ಎಷ್ಟೋ ಕಡೆ ಮಾತು ಮೆತ್ತಗಾಗುವುದನ್ನು ನಾವು ಕಂಡಿದ್ದೇವೆ.

ಇಷ್ಟಾದ ಮೇಲೂ ಸಾಲುವುದಿಲ್ಲ, ನಮಗೆ ಗೊತ್ತುಂಟು. ಫೀಸು ಮಾತ್ರ ಅಲ್ಲವಲ್ಲ. ಪುಸ್ತಕ, ಪರೀಕ್ಷಾ ಶುಲ್ಕ, ಮಧ್ಯಾಹ್ನದ ಊಟ, ಪ್ರಾಜೆಕ್ಟಿನ ಪ್ರಿಂಟೌಟು. 2023ರ ಜೂನಿನಿಂದ ಹುಡುಗಿಯರಿಗೆ ಸರಕಾರಿ ಬಸ್ಸು ಉಚಿತ ಆಯಿತು, ಆದರೆ ನಮ್ಮ ಜಿಲ್ಲೆಯಲ್ಲಿ ಎಷ್ಟು ರೂಟಿನಲ್ಲಿ ಖಾಸಗಿ ಬಸ್ಸು ಬಿಟ್ಟರೆ ಬೇರೆ ಬಸ್ಸು ಬರುತ್ತದೆ, ನೀವೇ ಹೇಳಿ. ಹುಡುಗರಿಗಂತೂ ಟಿಕೆಟು ಉಂಟೇ ಉಂಟು. ಹಾಗಾಗಿ ದುಡಿಯುವವರು ದುಡಿಯುತ್ತಾರೆ. ದುಡಿಯಲಿ. ಆದರೆ ಕೆಲಸ ಎಂತಹದು, ಎಷ್ಟು ಹೊತ್ತು, ಸಂಬಳ ಹೇಗೆ ಎಂದು ತಾಯಿಗೆ ಗೊತ್ತಿರಲಿ.

ಹೊತ್ತಿನ ವಿಷಯ ಮೊದಲು. ಪಿ.ಯು.ಸಿ. ಮಕ್ಕಳಿಗೆ 16, 17 ವರ್ಷ. ಕಾನೂನಿನಲ್ಲಿ ಇವರು ಕಿಶೋರರು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 14 ತುಂಬದವರನ್ನು ಯಾವ ಅಂಗಡಿ, ಹೋಟೆಲಿನಲ್ಲೂ ಕೆಲಸಕ್ಕೆ ಇಡುವ ಹಾಗಿಲ್ಲ. 14ರಿಂದ 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಾಕುವ ಹಾಗಿಲ್ಲ. ಬೇರೆ ಕೆಲಸ ಮಾಡಿಸಿದರೂ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಮಾಡಿಸುವ ಹಾಗಿಲ್ಲ, ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ಮಾಡಿಸುವ ಹಾಗಿಲ್ಲ, ಓವರ್ ಟೈಮ್ ಇಲ್ಲ, ವಾರಕ್ಕೊಂದು ರಜೆ ಕೊಡಲೇಬೇಕು. ಈಗ ಮದುವೆ ಹಾಲಿನಲ್ಲಿ ರಾತ್ರಿ 11 ಗಂಟೆಗೆ ಐಸ್‌ಕ್ರೀಮ್ ತಟ್ಟೆ ಹಿಡಿದು ನಿಂತ ಹುಡುಗರ ಮುಖ ಸ್ವಲ್ಪ ನೋಡಿ. ಮೀಸೆ ಕೂಡ ಬಂದಿರುವುದಿಲ್ಲ. ಅವರನ್ನು ಅಲ್ಲಿ ನೋಡಿ ನಾವೆಲ್ಲ ಎಷ್ಟು ಮದುವೆಯಲ್ಲಿ ಉಂಡು ಬಂದಿದ್ದೇವೆ, ನಾವೂ ಸೇರಿ.

ಕ್ಯಾಟರಿಂಗ್ ಕೆಲಸದಲ್ಲಿ ಹಣ ಆ ರಾತ್ರಿಯೇ ಕೈಗೆ ಬರುತ್ತದೆ, ಅದಕ್ಕೇ ಹುಡುಗರಿಗೆ ಇಷ್ಟ. ಊಟವೂ ಅಲ್ಲೇ. ತೊಂದರೆ ಇರುವುದು ಮನೆಗೆ ಬರುವ ದಾರಿಯಲ್ಲಿ. ರಾತ್ರಿ 12ರ ನಂತರ ಬಸ್ಸಿಲ್ಲ, ಒಂದು ಬೈಕಿನಲ್ಲಿ ಮೂರು ಜನ, ಎಲ್ಲರಿಗೂ ನಿದ್ದೆ. ನಮ್ಮ ಒಬ್ಬ ಸದಸ್ಯೆಯ ಮಗನ ಕಾಲಿಗೆ ರಾಡ್ ಹಾಕಬೇಕಾಯಿತು. ಆಸ್ಪತ್ರೆ ಖರ್ಚಿನಲ್ಲಿ ಮೂರು ವರ್ಷದ ಕಾಲೇಜು ಫೀಸು ಹೋಯಿತು. ಕ್ಯಾಟರಿಂಗಿನವರು ಹಣ್ಣು ತೆಗೆದುಕೊಂಡು ನೋಡಲು ಬಂದಿದ್ದರಂತೆ. ಹಣ್ಣು ತಂದದ್ದಕ್ಕೆ ಸಂತೋಷವೇ, ಆದರೆ ವಾಪಸ್ ಬಿಡಲು ಒಂದು ವ್ಯಾನು ಕಳಿಸಿದ್ದರೆ ಹಣ್ಣು ಬೇಕಾಗುತ್ತಿರಲಿಲ್ಲ. ವ್ಯಾನು ಉಂಟಾ ಎಂದು ಮೊದಲೇ ಕೇಳಿ. ಕೇಳಲು ಹುಡುಗರಿಗೆ ನಾಚಿಕೆ. ತಾಯಿ ಫೋನ್ ಮಾಡಿ ಕೇಳಲಿ.

ಸಂಬಳದ ವಿಷಯಕ್ಕೆ ಬಂದರೆ, "ಓದುವ ಹುಡುಗಿ ತಾನೇ, ಪಾಕೆಟ್ ಮನಿ ಆಯ್ತು" ಎಂದು ಅರ್ಧ ಕೊಡುವವರಿದ್ದಾರೆ. ಕನಿಷ್ಠ ವೇತನದ ಲೆಕ್ಕದಲ್ಲಿ ಕಾಲೇಜು ವಿದ್ಯಾರ್ಥಿಗೆ ಬೇರೆ ದರ ಎಂದೇನೂ ಇಲ್ಲ, ಗಂಟೆಗೆ ತಕ್ಕ ಹಣ ಬರಬೇಕು. ಮೂಲ ಮಾರ್ಕ್ಸ್ ಕಾರ್ಡು ಕೇಳಿದರೆ ಕೊಡಬೇಡಿ, ಜೆರಾಕ್ಸ್ ಕೊಡಿ. ಮೊದಲ ತಿಂಗಳ ಸಂಬಳ "ಡೆಪಾಸಿಟ್" ಎಂದು ಹಿಡಿದಿಡುವವರ ಹತ್ತಿರ ಸೇರಬೇಡಿ. ಇಲ್ಲಿ ನಮ್ಮದೇ ಒಂದು ತಪ್ಪನ್ನೂ ಹೇಳಬೇಕು. ಕೆಲವು ವರ್ಷದ ಹಿಂದೆ ಒಂದು ಸಮೀಕ್ಷೆಗೆ ನಾವು ಕಾಲೇಜು ಮಕ್ಕಳನ್ನು ಹಳ್ಳಿ ಹಳ್ಳಿಗೆ ಕಳಿಸಿದೆವು. ಬಸ್ಸು ಚಾರ್ಜು, ಮಧ್ಯಾಹ್ನ ಊಟ, ಕೊನೆಗೊಂದು ಸರ್ಟಿಫಿಕೇಟು. "ಅನುಭವ ಆಗುತ್ತದೆ" ಎಂದೆವು. ಒಬ್ಬ ಹುಡುಗ ಎರಡನೇ ದಿನ ಬರಲಿಲ್ಲ. ವಿಚಾರಿಸಿದರೆ, ಆ ದಿನ ಪೈಂಟಿಂಗ್ ಕೆಲಸಕ್ಕೆ ಹೋದರೆ ಅವನಿಗೆ ಕೂಲಿ ಸಿಗುತ್ತಿತ್ತು. ನಮ್ಮ ಅನುಭವ ಅವನ ಮನೆಯ ಅಕ್ಕಿಗೆ ಆಗುವುದಿಲ್ಲ. ನಂತರ ನಾವು ಹಾಗೆ ಮಾಡಲಿಲ್ಲ.

ನಿಮ್ಮಲ್ಲಿ ಕೆಲವರು ಕೇಳಿದ್ದೀರಿ, "ಸಿಸ್ಟರ್, ಅಮೇರಿಕಾದಲ್ಲಿ ಓದುವ ಮಕ್ಕಳಿಗೆ ಕಾಲೇಜಿನಲ್ಲೇ ಕೆಲಸ ಕೊಡ್ತಾರಂತೆ, ಹೌದಾ?" ಹೌದು. 1964ರಲ್ಲಿ ಅಲ್ಲಿ ಬಡತನದ ವಿರುದ್ಧ ಒಂದು ಕಾಯಿದೆ ಬಂತು, ಅದರಲ್ಲಿ ವರ್ಕ್ ಸ್ಟಡಿ ಎಂಬ ಯೋಜನೆ ಶುರುವಾಯಿತು, ಈಗಲೂ ಉಂಟು. ಮನೆಯ ಆದಾಯ ನೋಡಿ, ಅಗತ್ಯ ಇರುವ ವಿದ್ಯಾರ್ಥಿಗೆ ಲೈಬ್ರರಿ, ಲ್ಯಾಬು, ಆಫೀಸು, ಇಲ್ಲವೇ ಊರಿನ ಚಿಕ್ಕ ಮಕ್ಕಳಿಗೆ ಓದು ಕಲಿಸುವ ಕೆಲಸ. ಸಂಬಳದಲ್ಲಿ ದೊಡ್ಡ ಪಾಲು, ಸಾಮಾನ್ಯವಾಗಿ ನೂರಕ್ಕೆ 75ರವರೆಗೆ, ಸರಕಾರದ್ದು. ಉಳಿದದ್ದು ಕಾಲೇಜಿನದ್ದು. ಪಾಠದ ಹೊತ್ತಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಒಳ್ಳೆಯ ಯೋಜನೆ, ನಮ್ಮ ಸರಕಾರದವರು ನೋಡಿ ಕಲಿಯಬಹುದು.

ಆದರೆ ಒಂದು ಎಚ್ಚರಿಕೆ. ಅದು ಆ ದೇಶದ ಮಕ್ಕಳಿಗೆ ಮತ್ತು ಅಲ್ಲಿ ಕಾಯಂ ನೆಲೆಸಿದಂತಹವರಿಗೆ. ಇಲ್ಲಿಂದ ಸ್ಟೂಡೆಂಟ್ ವೀಸಾದಲ್ಲಿ ಹೋದವರಿಗೆ ಅದು ಸಿಗುವುದಿಲ್ಲ. ಅವರು ಕಾಲೇಜಿನ ಆವರಣದೊಳಗೆ, ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು, ಅಷ್ಟೆ. ಇಂಗ್ಲೆಂಡಿನಲ್ಲೂ ಪದವಿ ಓದುವವರಿಗೆ ವಾರಕ್ಕೆ 20 ಗಂಟೆ. ಕೆನಡಾದಲ್ಲಿ 2024ರ ನವೆಂಬರಿನಿಂದ 24 ಗಂಟೆ. ಪೇಟೆಯ ಏಜೆಂಟರು "ಅಲ್ಲಿ ಪಾರ್ಟ್ ಟೈಮ್ ಮಾಡಿ ಫೀಸು ಅವನೇ ಕಟ್ತಾನೆ, ನೀವು ಟಿಕೆಟಿಗೆ ಮಾತ್ರ ಮಾಡಿ" ಎನ್ನುತ್ತಾರೆ. ಆ ಮಾತು ನಂಬಿ ಮನೆ ಜಾಗ ಅಡವಿಟ್ಟವರು ಈ ಸಭೆಯಲ್ಲೇ ಇದ್ದಾರೆ, ನಾವು ಆ ಕಡೆ ನೋಡುವುದಿಲ್ಲ. ವಾರಕ್ಕೆ 20 ಗಂಟೆಯ ಸಂಬಳದಲ್ಲಿ ಅಲ್ಲಿ ಊಟ, ರೂಮಿನ ಬಾಡಿಗೆ ಸರಿಹೋದರೆ ದೊಡ್ಡದು. ದುಡಿದು ಫೀಸು ಕಟ್ಟಲು ಆಗುವುದಾದರೆ, ವೀಸಾ ಕೊಡುವ ಮೊದಲೇ ಆ ದೇಶದವರು ಬ್ಯಾಂಕಿನಲ್ಲಿ ಹಣ ತೋರಿಸಿ ಎಂದು ಯಾಕೆ ಕೇಳುತ್ತಾರೆ?

ಇನ್ನು ನಾವೇನು ಮಾಡಬಹುದು ಎಂಬುದು. ಸರಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ನಮ್ಮ ಸಂಘಗಳಲ್ಲೇ ಕೆಲಸ ಉಂಟು.

ಸಂಘದ ಪಂಚಸೂತ್ರ ನಿಮಗೆಲ್ಲ ಬಾಯಿಪಾಠ. ಕ್ರಮ ತಪ್ಪದ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ. ಐದನೆಯದು ಹೇಳುವಾಗ ಸ್ವರ ಸಣ್ಣದಾಗುತ್ತದೆ: ಪುಸ್ತಕ ಬರೆಯುವುದು. ನಗದು ಪುಸ್ತಕ ಮೂರು ತಿಂಗಳಿಂದ ಬರೆದಿಲ್ಲ, ಸಾಲದ ಲೆಡ್ಜರಿನಲ್ಲಿ ಒಂದು ಲೆಕ್ಕ, ಸದಸ್ಯೆಯ ಪಾಸ್ ಪುಸ್ತಕದಲ್ಲಿ ಇನ್ನೊಂದು. ಬ್ಯಾಂಕಿನವರು ಲಿಂಕೇಜ್ ಸಾಲಕ್ಕೆ ಪುಸ್ತಕ ಕೇಳಿದಾಗ ಎಲ್ಲರೂ ಸೇರಿ ರಾತ್ರಿ ಕೂತು ಬರೆಯುವುದು. ಅದೇ ಸಮಯದಲ್ಲಿ ನಮ್ಮದೇ ಮನೆಗಳಲ್ಲಿ ಬಿ.ಕಾಂ. ಓದುವ ಮಕ್ಕಳು ಯಾವುದೋ ಅಂಗಡಿಯಲ್ಲಿ ಚೀಲ ಹಿಡಿದು ನಿಂತಿದ್ದಾರೆ.

ಎರಡು ವರ್ಷದ ಹಿಂದೆ ನಾವು ಒಂದು ವಾರ್ಡಿನಲ್ಲಿ ಪ್ರಯತ್ನ ಮಾಡಿದೆವು. ಐದು ಸಂಘಗಳು. ಒಂದೊಂದು ಸಂಘ ವಾರಕ್ಕೆ 75 ರೂಪಾಯಿ ಕೊಡುವುದು. ಒಬ್ಬ ವಿದ್ಯಾರ್ಥಿ ಭಾನುವಾರ ಬೆಳಿಗ್ಗೆ ಮೂರು ಗಂಟೆ ಕೂತು ಐದೂ ಸಂಘದ ಪುಸ್ತಕ ಬರೆಯುವುದು. ನಾಲ್ಕು ವಾರಕ್ಕೆ 1,500 ರೂಪಾಯಿ. ಜವುಳಿ ಅಂಗಡಿಯ 4,500ಕ್ಕೆ ಇದು ಸಮ ಅಲ್ಲ, ಒಪ್ಪುತ್ತೇವೆ. ಆದರೆ ಆ 4,500 ಬಂದದ್ದು ದಿನಕ್ಕೆ ನಾಲ್ಕು ಗಂಟೆ ನಿಂತು, ಇದು ವಾರಕ್ಕೆ ಮೂರೇ ಗಂಟೆ. ಪರೀಕ್ಷೆಯ ಎರಡು ವಾರ ರಜೆ, ಆ ಎರಡು ವಾರದ್ದನ್ನು ಆಮೇಲೆ ಬರೆದರಾಯಿತು. ಒಂದು ಷರತ್ತು ಮಾತ್ರ ಹಾಕಿದೆವು, ತನ್ನ ತಾಯಿ ಇರುವ ಸಂಘದ ಪುಸ್ತಕ ಆ ಮಗು ಬರೆಯುವ ಹಾಗಿಲ್ಲ.

ಮೊದಲು ವಿರೋಧ ಬಂತು. "ನಮ್ಮ ಸಾಲ ಎಷ್ಟು ಅಂತ ಪಕ್ಕದ ಮನೆ ಹುಡುಗನಿಗೆ ಗೊತ್ತಾಗ್ತದಲ್ಲಾ ಸಿಸ್ಟರ್" ಎಂದರು. ಮಾತು ಸರಿ. ಅದಕ್ಕೆ ಪಕ್ಕದ ವಾರ್ಡಿನ ಹುಡುಗನನ್ನು ತಂದೆವು, ಕಾಲಿಗೆ ರಾಡ್ ಹಾಕಿಸಿಕೊಂಡವನೇ. ಕೂತು ಮಾಡುವ ಕೆಲಸ, ಅವನಿಗೆ ಅನುಕೂಲ ಆಯಿತು. ಮೂರನೇ ವಾರದಲ್ಲಿ ಅವನು ಒಂದು ಸಂಘದ ಲೆಡ್ಜರಿನಲ್ಲಿ ಒಬ್ಬರು ಅಜ್ಜಿಯ ಬಡ್ಡಿ 340 ರೂಪಾಯಿ ಎರಡು ಸಲ ಹಿಡಿದದ್ದನ್ನು ತೋರಿಸಿದ. ಅಜ್ಜಿಗೆ ಹಣ ವಾಪಸ್ ಕೊಟ್ಟಾಯಿತು. ಆ ಸಂಘದ ಖಜಾಂಚಿ ಬಾಯಿಯವರು ಎರಡು ವಾರ ಅವನ ಜೊತೆ ಮಾತಾಡಲಿಲ್ಲ. ಈಗ ಅವನಿಗೆ ಚಹಾ ಅವರ ಮನೆಯಿಂದಲೇ ಬರುತ್ತದೆ.

ಜವುಳಿ ಅಂಗಡಿಯ ಹುಡುಗಿ ಬಿಟ್ಟ ಸೆಮಿಸ್ಟರನ್ನು ಮುಂದಿನ ವರ್ಷ ಮುಗಿಸಿದಳು. ಕಂತಿನ ಅವಧಿಯನ್ನು ಸಂಘದವರೇ ಎಂಟು ತಿಂಗಳು ಮುಂದೆ ಹಾಕಿದರು. ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿದರು. ಹಾಗೆ ಮಾಡಬಹುದು ಎಂದು ಮೊದಲೇ ಆ ಮಗುವಿಗೆ ಯಾರಾದರೂ ಹೇಳಿದ್ದರೆ ಅವಳು ಸುಳ್ಳು ಹೇಳಿ ಕೆಲಸಕ್ಕೆ ಹೋಗುತ್ತಿರಲಿಲ್ಲವೋ ಏನೋ. ನಿಮ್ಮ ನಿಮ್ಮ ಸಂಘದಲ್ಲಿ ಫೀಸಿನ ಸಾಲಕ್ಕೆ ಕಂತು ಬೇರೆ ರೀತಿ ಇಡಬಹುದಾ, ಪರೀಕ್ಷೆ ತಿಂಗಳಲ್ಲಿ ಬಡ್ಡಿ ಮಾತ್ರ ಕಟ್ಟಿದರೆ ಸಾಕು ಎನ್ನಬಹುದಾ, ಇದನ್ನು ಈ ತಿಂಗಳ ಸಭೆಯಲ್ಲಿ ಮಾತಾಡಿ ನಮಗೆ ತಿಳಿಸಿ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಇದೇ ಹಾಲಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಹಾಕಲು ಕೂರುತ್ತೇವೆ. ಬೀಡಿ ಕಾರ್ಡು, ಕಟ್ಟಡ ಕಾರ್ಮಿಕರ ಕಾರ್ಡು, ಆದಾಯ ಮತ್ತು ಜಾತಿ ಸರ್ಟಿಫಿಕೇಟು, ಕಳೆದ ಪರೀಕ್ಷೆಯ ಮಾರ್ಕ್ಸ್ ಕಾರ್ಡು, ಫೀಸಿನ ರಸೀದಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕ ತನ್ನಿ. ಪಾಸ್ ಪುಸ್ತಕ ಮಗುವಿನ ಹೆಸರಿನದ್ದೇ ಆಗಬೇಕು. ಆಧಾರ್ ಜೋಡಣೆ ಆಗಿದೆಯಾ ಎಂದು ಶನಿವಾರದೊಳಗೆ ಬ್ಯಾಂಕಿನಲ್ಲಿ ಕೇಳಿಕೊಂಡು ಬನ್ನಿ, ಎರಡನೇ ಶನಿವಾರ ಬ್ಯಾಂಕಿಗೆ ರಜೆ ಎಂಬುದು ನೆನಪಿರಲಿ. ಮಕ್ಕಳನ್ನೂ ಕರಕೊಂಡು ಬನ್ನಿ, ಓ.ಟಿ.ಪಿ. ಬರುವುದು ಅವರ ಫೋನಿಗೆ.